‘ಹ್ಯಾವ್’ ಎಂಬ ಕ್ರಿಯಾಪದವೂ ನಮ್ಮ ‘ಇದೆ’ಯೂ

ಸಂಪಿಗೆಯ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನು ಒಮ್ಮೆ ತನ್ನ ಪರಿಚಯವನ್ನು ಇಂಗ್ಲಿಷಿನಲ್ಲಿ ಹೇಳುತ್ತ, ‘ಮೈ ಫಾದರ್ ಹ್ಯಾವ್ ಫಾರ್ಟಿ ಟ್ರೀಸ್’ ಎಂದನು. ತರಗತಿಯು ನಕ್ಕಿತು. ಆಮೇಲೆ ಆ ವರ್ಷವೆಲ್ಲ ಅವನು ನನ್ನ ಯಾವ ಪ್ರಶ್ನೆಗೂ ಬಾಯಿ ತೆರೆಯಲಿಲ್ಲ. ಭೌತಶಾಸ್ತ್ರವನ್ನು ಚೆನ್ನಾಗಿ ಬಲ್ಲವನನ್ನು ಮೂಕನನ್ನಾಗಿ ಮಾಡಿದುದು ಒಂದು ಸಣ್ಣ ಕ್ರಿಯಾಪದ!

ಅವನ ತಪ್ಪಿಗೆ ಕಾರಣವಿದೆ. ಕನ್ನಡದ ನಿತ್ಯವ್ಯವಹಾರದಲ್ಲಿ ‘ಹ್ಯಾವ್’ಗೆ ಸಮನಾದ ಒಂದು ಕ್ರಿಯಾಪದವಿಲ್ಲ. ನಾವು ಒಡೆಯನನ್ನು ಕರ್ತೃವಾಗಿಸದೆ, ವಸ್ತುವಿನ ಇರವನ್ನು ಹೇಳುತ್ತೇವೆ: ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’, ‘ನನ್ನ ಹತ್ತಿರ ಹತ್ತು ರೂಪಾಯಿ ಇದೆ’, ‘ಗೊನೆಯಲ್ಲಿ ಹನ್ನೆರಡು ಕಾಯಿಗಳಿವೆ’, ‘ಮಗುವಿಗೆ ಜ್ವರ ಬಂದಿದೆ’. ನಂಟು, ಹಣ, ಕಾಯಿ, ಕಾಯಿಲೆ ಇವುಗಳಿಗೆ ನಾವು ಬೇರೆ ಬೇರೆ ರೂಪಗಳನ್ನು ಬಳಸಿದರೆ, ಇಂಗ್ಲಿಷಿನವನು ಎಲ್ಲಕ್ಕೂ ‘ಹ್ಯಾವ್’ ಎಂದೇ ಸಾಗಿಸಬಲ್ಲನು. ಕೊರಿಯನ್ನರದೂ ನಮ್ಮ ದಾರಿಯೇ. ಅವರ ಇರವಿನ ಕ್ರಿಯಾಪದದ ಉಚ್ಚಾರ ಸುಮಾರಾಗಿ ‘ಇತ್ತ’ ಎಂದು. ನಮ್ಮ ‘ಇತ್ತು’ವನ್ನು ಹೋಲುವುದೆಂದು ವಾಚಕರು ನಂಟು ಕಲ್ಪಿಸಬಾರದು, ಒಂದು ಹೋಲಿಕೆಯಿಂದ ನಂಟು ಸಿದ್ಧವಾಗದು.

ಈಗ ಕ್ರಿಯಾಪದದ ವಚನವನ್ನು ನೋಡೋಣ. ‘ತಂದೆಗೆ ನಲವತ್ತು ಮರಗಳಿವೆ’ ಎಂಬಲ್ಲಿ ಮರಗಳು ಅನೇಕವಾದುದರಿಂದ ‘ಇವೆ’. ಇಂಗ್ಲಿಷಿನ ಕ್ರಿಯಾಪದವಾದರೋ ಮರಗಳನ್ನು ಲೆಕ್ಕಿಸದು. ತಂದೆ ಒಬ್ಬನೇ ಆದುದರಿಂದ ‘ಹ್ಯಾಸ್’. ನಮ್ಮ ಹುಡುಗನು ಕನ್ನಡದ ಕ್ರಮದಂತೆ ಮರಗಳನ್ನು ಎಣಿಸಿದನೆಂದು ನನಗೆ ತೋರುತ್ತದೆ. ಬಾಯಿ ತೆರೆಯುವ ಮೊದಲು ‘ಯಾರಿಗೆ?’ ಎಂದು ಕೇಳಿಕೊಂಡು, ಆ ‘ಯಾರು’ವಿನ ವಚನವನ್ನು ಹಿಡಿದರೆ ಸಾಕು.

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದು ನಮ್ಮಲ್ಲಿ ಬಹಳವಾಗಿ ಕೇಳಿಬರುವ ಇನ್ನೊಂದು ತಪ್ಪು. ಇಲ್ಲಿ ‘ಐ ಹ್ಯಾವ್’ ಎಂದೇ ಆಗಬೇಕು. ಆದರೆ ‘ಐ ಆಮ್ ಹ್ಯಾವಿಂಗ್ ಕಾಫಿ’ ಸರಿ, ಏಕೆಂದರೆ ಅಲ್ಲಿ ‘ಹ್ಯಾವ್’ ಎಂದರೆ ಕುಡಿಯುವುದು. ಅದು ನಡೆಯುತ್ತಿರುವ ಕೆಲಸ. ತಮ್ಮಂದಿರು ಇರುವುದು ಕೆಲಸವಲ್ಲವಷ್ಟೆ.

ಇದಕ್ಕೆ ಪ್ರತಿಯಾಗಿ ಇಂಗ್ಲಿಷಿನ ಈ ಪದವು ನಮ್ಮ ವಿಜ್ಞಾನದ ಕನ್ನಡವನ್ನೂ ಹೊಕ್ಕಿದೆ. ‘ಕಾಯಿಯು ಶಕ್ತಿಯನ್ನು ಹೊಂದಿದೆ’ ಎಂದು ಬರೆಯುತ್ತೇವೆ. 15 ಮೀಟರ್ ಎತ್ತರದಲ್ಲಿರುವ ಒಂದೂವರೆ ಕಿಲೋಗ್ರಾಂ ತೂಕದ ತೆಂಗಿನಕಾಯಿಯ ವಿಷಯದಲ್ಲಿ, ನೆಲದ ಮಟ್ಟದಿಂದ ಲೆಕ್ಕ ಹಾಕಿದರೆ, ಸ್ಥಾನಶಕ್ತಿಯು ಸುಮಾರು 220 ಜೂಲ್. ಆದರೆ ಅದು ಕಾಯಿಯೊಂದರ ಸ್ವತ್ತಲ್ಲ, ಕಾಯಿ ಮತ್ತು ಭೂಮಿ ಇವೆರಡರ ನಡುವಣದು. ‘ಹೊಂದಿದೆ’ ಎಂದೊಡನೆ ಕಾಯಿಗೆ ಒಡೆತನ ಬಂದುಬಿಡುತ್ತದೆ. ಆದುದರಿಂದ ನಾನು ಕಪ್ಪು ಹಲಗೆಯ ಮೇಲೆ ‘ಕಾಯಿಗೂ ಭೂಮಿಗೂ ನಡುವೆ ಇಷ್ಟು ಶಕ್ತಿ ಇದೆ’ ಎಂದೇ ಬರೆಯುತ್ತೇನೆ.