ತಿಂಗಳಿಗೊಂದು ಸದ್ಗುಣ



ಹರಕೆ ತೀರಿಸಿ, ಮೇಣದ ಬತ್ತಿ ಹಚ್ಚಿ, ಬಲಿಪೂಜೆಯಲ್ಲಿ ಪಾಲ್ಗೊಂಡು ಬೆಟ್ಟ ಇಳಿಯುವಾಗ ಮನಸ್ಸು ಹಗುರವಾಗಿರುತ್ತದೆ. ಆದರೆ ಮನೆ ಸೇರಿದ ಮರುದಿನವೇ ಅದೇ ಸಿಟ್ಟು, ಅದೇ ಚಾಡಿ ಮಾತು, ಅದೇ ಕುಡಿತ. ಹಾಗಾದರೆ ಭಕ್ತಿ ಸುಳ್ಳೇ? ಅಲ್ಲ. ಭಕ್ತಿ ಇದೆ, ಗುಣ ಇನ್ನೂ ಬೆಳೆದಿಲ್ಲ ಅಷ್ಟೆ.

ಒಂದು ದಿನ ಒಳ್ಳೆಯದು ಮಾಡಿದರೆ ಅದು ಒಳ್ಳೆಯ ಕೆಲಸ. ಯಾರೂ ನೋಡದಿದ್ದಾಗಲೂ ಒಳ್ಳೆಯದನ್ನೇ ಮಾಡುವಷ್ಟು ಮನಸ್ಸು ಪಳಗಿದರೆ ಅದು ಸದ್ಗುಣ. ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು ದೈವಿಕ ಗುಣಗಳನ್ನೂ ವಿವೇಕ, ನ್ಯಾಯ, ಸ್ಥೈರ್ಯ, ಮಿತ ಎಂಬ ನಾಲ್ಕು ಮೂಲ ಗುಣಗಳನ್ನೂ ಧರ್ಮಸಭೆ ಬೋಧಿಸುತ್ತದೆ. ಇವನ್ನು ಬೆಳೆಸುವುದು ಹೇಗೆ?

ಬೆಂಗಳೂರಿನ ಕುಕ್ ಟೌನ್ ಬಳಿ ಡೇವಿಸ್ ರಸ್ತೆಯಲ್ಲಿ ಪವಿತ್ರಾತ್ಮರ ದೇವಾಲಯವಿದೆ. ಅದನ್ನು ನೋಡಿಕೊಳ್ಳುವವರು ರಿಡೆಂಪ್ಟರಿಸ್ಟ್ ಸಭೆಯ ಗುರುಗಳು. ನಿತ್ಯ ಸಹಾಯ ಮಾತೆಯ ನೊವೇನಾ ಮೂಲಕ ಈ ಸಭೆ ಎಲ್ಲರಿಗೂ ಗೊತ್ತು. ಆದರೆ ಅವರ ಇನ್ನೊಂದು ಹಳೆಯ ರೂಢಿ ಎಷ್ಟೋ ಜನರಿಗೆ ತಿಳಿಯದು. ಅದೇ ತಿಂಗಳಿಗೊಂದು ಸದ್ಗುಣ.

ಈ ಸಭೆಯನ್ನು 1732ರಲ್ಲಿ ಇಟಲಿಯಲ್ಲಿ ಸ್ಥಾಪಿಸಿದವರು ಸಂತ ಅಲ್ಫೋನ್ಸ್ ಲಿಗೋರಿ. 1696ರಲ್ಲಿ ನೇಪಲ್ಸ್ ಬಳಿ ಹುಟ್ಟಿದ ಅವರು ಹೆಸರಾಂತ ವಕೀಲರು. 1723ರಲ್ಲಿ ಒಂದು ದೊಡ್ಡ ಮೊಕದ್ದಮೆ ಸೋತರು, ವಕೀಲಿ ಬಿಟ್ಟರು. 1726ರಲ್ಲಿ ಗುರುವಾಗಿ ಹಳ್ಳಿಗಾಡಿನ ಬಡವರ ಕಡೆ ನಡೆದರು. ಸೋಲು ಅವರನ್ನು ಕಹಿ ಮಾಡಲಿಲ್ಲ, ದೀನತೆ ಕಲಿಸಿತು.

ಅವರ ಸಭೆಯ ರೂಢಿಯಲ್ಲಿ ಜನವರಿಗೆ ವಿಶ್ವಾಸ, ಫೆಬ್ರವರಿಗೆ ಭರವಸೆ, ಮಾರ್ಚ್‌ಗೆ ದೇವರ ಪ್ರೀತಿ, ಏಪ್ರಿಲ್‌ಗೆ ನೆರೆಯವರ ಪ್ರೀತಿ. ಮುಂದೆ ಬಡತನದ ಮನೋಭಾವ, ಶುದ್ಧತೆ, ವಿಧೇಯತೆ, ದೀನತೆ, ಇಂದ್ರಿಯ ನಿಗ್ರಹ, ಮೌನ, ಪ್ರಾರ್ಥನೆ, ಡಿಸೆಂಬರ್‌ಗೆ ಸ್ವಾರ್ಥತ್ಯಾಗ.

ಒಂದೊಂದೇ ಯಾಕೆ? ಎಲ್ಲವನ್ನೂ ಒಟ್ಟಿಗೆ ಹಿಡಿಯಹೋದರೆ ಯಾವುದೂ ಕೈಗೆ ಸಿಗದು. ಹೊಲದಲ್ಲಿ ಕಳೆ ಬಿತ್ತದೆಯೇ ಬೆಳೆಯುತ್ತದೆ. ರಾಗಿಯನ್ನು ಮಾತ್ರ ಬಿತ್ತಬೇಕು, ಕಳೆ ಕೀಳಬೇಕು, ಕಾಯಬೇಕು. ಗುಣವೂ ಹಾಗೇ. ಆದರೆ ರೈತ ಎಷ್ಟೇ ದುಡಿದರೂ ಮಳೆ ಸುರಿಸುವವರು ದೇವರು. ಕೃಪೆಯಿಲ್ಲದೆ ಬರೀ ಹಟದಿಂದ ಗುಣ ನಿಲ್ಲದು.

ಮನೆಯಲ್ಲಿ ಮಾಡುವುದು ಸುಲಭ:

1. ಬೆಳಗ್ಗೆ ಏಳುತ್ತಲೇ ಆ ತಿಂಗಳ ಗುಣವನ್ನು ನೆನೆದು ದೇವರಲ್ಲಿ ಬೇಡಿಕೊಳ್ಳಿ.

2. ಅದಕ್ಕೆ ಒಂದು ಸಣ್ಣ ಕೆಲಸ ಗೊತ್ತುಮಾಡಿ. ಮೌನದ ತಿಂಗಳಾದರೆ ಅಕ್ಕಪಕ್ಕದವರ ಬಗ್ಗೆ ಚಾಡಿ ಬೇಡ. ನೆರೆಯವರ ಪ್ರೀತಿಯಾದರೆ ಮಾತು ಬಿಟ್ಟ ಅಣ್ಣನನ್ನೋ ಅತ್ತಿಗೆಯನ್ನೋ ನೀವೇ ಮೊದಲು ಮಾತಾಡಿಸಿ.

3. ರಾತ್ರಿ ಜಪಸರದ ನಂತರ ಎರಡು ನಿಮಿಷ ಲೆಕ್ಕ ನೋಡಿ. ಎಲ್ಲಿ ಗೆದ್ದೆ? ಎಲ್ಲಿ ಬಿದ್ದೆ?

4. ಬಿದ್ದರೆ ಬಿಟ್ಟುಬಿಡಬೇಡಿ. ಪಾಪನಿವೇದನೆ ಮಾಡಿ ಮತ್ತೆ ಶುರುಮಾಡಿ.

ತಿಂಗಳು ಮುಗಿದಾಗ ಆ ಗುಣ ಪೂರ್ತಿ ಬಂದಿರದು. ಆದರೂ ಮನೆಯವರಿಗೆ ಒಂದು ಬದಲಾವಣೆ ಕಂಡಿತು. ಅಪ್ಪನ ದನಿ ತಗ್ಗಿದ್ದನ್ನು ಮೊದಲು ಗುರುತಿಸುವವರು ಮಕ್ಕಳು. ಹರಕೆಯ ಮೇಣದ ಬತ್ತಿ ಒಂದು ಗಂಟೆ ಉರಿದೀತು, ಈ ಬೆಳಕು ಮನೆಯಲ್ಲಿ ಉಳಿದೀತು.

ಧ್ಯಾನಕ್ಕೆ: ನನ್ನ ಮನೆಯವರು ನನ್ನಲ್ಲಿ ಯಾವ ಗುಣಕ್ಕಾಗಿ ಕಾಯುತ್ತಿದ್ದಾರೆ? ಈ ತಿಂಗಳು ಅದನ್ನೇ ಆರಿಸಿಕೊಳ್ಳಲೇ?

ಪ್ರಾರ್ಥನೆ: ಪ್ರಭುವೇ, ಕೇಳಿದ್ದನ್ನು ಕೊಡುವುದರ ಜೊತೆಗೆ, ಕೊಟ್ಟಿದ್ದಕ್ಕೆ ತಕ್ಕವರಾಗಿ ನಮ್ಮನ್ನು ಬೆಳೆಸು. ಆಮೆನ್.