ಕುರುಂದವಾಡದ ವಾಚನಾಲಯದಲ್ಲಿ ಮಕ್ಕಳಿಗೊಂದು ಕನ್ನಡ ತಾಸು

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ, ನರಸೋಬವಾಡಿಯ ಸಂಗಮಕ್ಕೆ ಹತ್ತಿಕೊಂಡಂತಿರುವ ಕುರುಂದವಾಡ ಮತ್ತು ಶಿರೋಳ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳಿವೆ. ಮಕ್ಕಳು ಕಲಿಯುವುದು ಹೆಚ್ಚಾಗಿ ಮರಾಠಿ ಶಾಲೆಯಲ್ಲಿ. ಅಜ್ಜಿ ಹೇಳುವ ಕನ್ನಡ ಕಥೆ ಅವರಿಗೆ ಸಲೀಸಾಗಿ ತಿಳಿಯುತ್ತದೆ, ಕನ್ನಡ ಪುಸ್ತಕ ಕೈಗಿಟ್ಟರೆ ಮಾತ್ರ ಒಂದು ಸಾಲೂ ಓದಲಾಗದು. ಆದ್ದರಿಂದ ಊರ ವಾಚನಾಲಯದಲ್ಲಿ ಕನ್ನಡ ಕಾರ್ಯಕ್ರಮ ನಡೆಸಬೇಕೆನ್ನುವವರು ಪುಸ್ತಕ ಕೊಳ್ಳುವ ಮೊದಲು ಓದಿ ಹೇಳುವವರನ್ನು ಹುಡುಕಬೇಕು.

ಓದುವವರು ಯಾರು?

ಇಲ್ಲಿನ ಹಿರಿಯರಲ್ಲೂ ಅನೇಕರು ಮರಾಠಿಯಲ್ಲೇ ಕಲಿತವರು, ಅವರಿಗೂ ಕನ್ನಡ ಅಕ್ಷರ ಬರುವುದಿಲ್ಲ. ಆದರೆ ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರಲ್ಲಿ ಕನ್ನಡ ಶಾಲೆ ಕಲಿತವರು ಸಿಗುತ್ತಾರೆ. ಈ ಕೆಲಸಕ್ಕೆ ನನ್ನ ಪ್ರಕಾರ ಅವರಿಗಿಂತ ತಕ್ಕವರಿಲ್ಲ. ಮನೆಮನೆಗೆ ಹೋಗಿ ಕೇಳಿ. ಅತ್ತೆಯವರನ್ನೂ ಜೊತೆಗೆ ಕರೆಯಿರಿ: ಸೊಸೆ ಓದಲಿ, ಅತ್ತೆ ಕಥೆ ಹೇಳಲಿ. ಇಬ್ಬರು ಮೂವರಿದ್ದರೆ ಸರದಿ ಹಾಕಿಕೊಳ್ಳಬಹುದು.

ಅನುಮತಿ

ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1967ರಲ್ಲಿ. ಆದರೂ ಇಲ್ಲಿನ ಬಹುತೇಕ ವಾಚನಾಲಯಗಳನ್ನು ನಡೆಸುವುದು ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳೇ. ಇದು ಹಳೆಯ ಪದ್ಧತಿ. ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರ ಶುರುವಾದದ್ದು 1850ರಲ್ಲಿ. ಹಾಗಾಗಿ ನಿಮ್ಮ ಅರ್ಜಿ ಹೋಗಬೇಕಾದದ್ದು ಊರಿನ ವಾಚನಾಲಯದ ಕಾರ್ಯಕಾರಿ ಮಂಡಳಿಗೆ. ಮೊದಲು ನೀವೇ ವರ್ಗಣಿ ಕಟ್ಟಿ ಸದಸ್ಯರಾಗಿ. ಅರ್ಜಿ ಮರಾಠಿಯಲ್ಲಿರಲಿ, ಕೆಳಗೆ ಮಕ್ಕಳ ತಂದೆತಾಯಿಯರ ಸಹಿ ಇರಲಿ. ಕೇಳುವುದು ಮೂರೇ: ಒಂದು ಕಪಾಟು, ವಾರಕ್ಕೊಂದು ತಾಸು, ಬೆಳಗಾವಿಯಿಂದ ಬರುವ ಒಂದು ಕನ್ನಡ ದಿನಪತ್ರಿಕೆ. ಪ್ರತ್ಯೇಕ ಕಟ್ಟಡ, ಪ್ರತ್ಯೇಕ ಫಲಕ ಎಂದು ಹೊರಟರೆ ಕರ್ನಾಟಕ-ಮಹಾರಾಷ್ಟ್ರ ಗಡಿ ತಂಟೆಯ ಮಾತು ಎದ್ದು ಮಕ್ಕಳ ಕೆಲಸ ಕೆಡುತ್ತದೆ. ಮರಾಠಿ ಮಕ್ಕಳೂ ಬಂದು ಕೂರಬಹುದೆಂದು ಅರ್ಜಿಯಲ್ಲೇ ಬರೆಯಿರಿ.

ಪುಸ್ತಕ

ಒಂದೇ ಕಥೆ ಕನ್ನಡದಲ್ಲೂ ಮರಾಠಿಯಲ್ಲೂ ಇರುವಂಥವು ಬೇಕು. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಹಲವು ಭಾರತೀಯ ಭಾಷೆಗಳಲ್ಲಿ ಬರುತ್ತವೆ, ಬೆಲೆಯೂ ಕಡಿಮೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಎರಡೂ ಭಾಷೆಯ ಚಿತ್ರಕಥೆಗಳು ಉಚಿತ, ಇಳಿಸಿಕೊಂಡು ಮುದ್ರಿಸಲೂಬಹುದು. ಮೊದಲ ಹಂತದವನ್ನೇ ಆರಿಸಿ. ಇಲ್ಲಿ ಒಂದು ಎಚ್ಚರ: 2019 ಮತ್ತು 2021ರ ಮಹಾಪೂರ ಈ ಭಾಗವನ್ನು ಮುಳುಗಿಸಿತ್ತು. ಕನ್ನಡ ಕಪಾಟು ಸಾಧ್ಯವಾದರೆ ಮಾಳಿಗೆಯ ಮೇಲಿರಲಿ, ಕಾರ್ಯಕ್ರಮದ ಆರಂಭ ಮಳೆಗಾಲ ಕಳೆದ ಮೇಲಾಗಲಿ.

ಆ ಒಂದು ತಾಸು

ಭಾನುವಾರ ಬೆಳಿಗ್ಗೆ ಒಳ್ಳೆಯದು. ಮೊದಲು ಕನ್ನಡದಲ್ಲಿ ಚಿತ್ರ ತೋರಿಸುತ್ತ ಕಥೆ ಓದಿ. ನಮ್ಮ ಭಾಗದ ಮಕ್ಕಳಿಗೆ ಪುಸ್ತಕದ ಕನ್ನಡ ತುಸು ದೂರ. ‘ಬರುತ್ತಾನೆ’ ಎಂದಿದ್ದಲ್ಲಿ ‘ಬರ್ತಾನ’ ಎಂದು ಮನೆಮಾತಿನಲ್ಲೇ ಓದಿದರೆ ತಪ್ಪೇನಿಲ್ಲ. ಆಮೇಲೆ ಅದೇ ಕಥೆಯನ್ನು ಮರಾಠಿಯಲ್ಲಿ ಮಗುವೇ ಓದಲಿ. ಅಮೆರಿಕದಲ್ಲಿ ಸ್ಪ್ಯಾನಿಷ್ ಆಡುವ ಮನೆಗಳಿಗಾಗಿ ಗ್ರಂಥಾಲಯಗಳು ಹೀಗೇ ಎರಡು ಭಾಷೆಯ ಕಥಾಸಮಯ ನಡೆಸುತ್ತವೆ. ಲೇಖಕಿ ಪ್ಯಾಟ್ ಮೋರಾ 1996ರಲ್ಲಿ ಶುರುಮಾಡಿದ ಮಕ್ಕಳ-ಪುಸ್ತಕಗಳ ದಿನ ಏಪ್ರಿಲ್ 30ರಂದು ಅಲ್ಲಿ ನಡೆಯುತ್ತದೆ. ನಮಗೆ ಅಂಥ ದಿನವಾಗಿ ಅಕ್ಟೋಬರ್ 15 ಇದೆ. ಮಹಾರಾಷ್ಟ್ರ ಅದನ್ನು ವಾಚನ ಪ್ರೇರಣಾ ದಿನವೆಂದು ಆಚರಿಸುತ್ತದೆ, ಅಂದು ಕನ್ನಡ ಓದಿಗೂ ಹತ್ತು ನಿಮಿಷ ಕೇಳಿ.

ಅಕ್ಷರ ಕಲಿಸಲು ಅವಸರ ಬೇಡ. ಮಕ್ಕಳೇ ಸಾಲಿನ ಮೇಲೆ ಬೆರಳಿಟ್ಟು ಕೇಳತೊಡಗಿದಾಗ ಆರಂಭಿಸಿ. ವರ್ಣಮಾಲೆಯ ಕ್ರಮ ಮರಾಠಿಯಂತೆಯೇ ಇರುವುದರಿಂದ ದೇವನಾಗರಿ ಬಲ್ಲವರಿಗೆ ಹೊಸತು ಆಕಾರವಷ್ಟೇ. ಎಡವುವುದು ಎ-ಏ, ಒ-ಓ ಜೋಡಿಗಳಲ್ಲಿ; ಮರಾಠಿ ಬರಹದಲ್ಲಿ ಆ ಹ್ರಸ್ವ-ದೀರ್ಘ ಭೇದವಿಲ್ಲ. ಇವೆರಡಕ್ಕೆ ಹೆಚ್ಚು ಸಮಯ ಕೊಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದನೇ ತರಗತಿಯ ಪುಸ್ತಕ ಪುಕ್ಕಟೆ ಸಿಗುತ್ತದೆ.

ವಹಿ

ಬಂದ ಮಕ್ಕಳ ಹಾಜರಿ, ಮನೆಗೆ ಹೋದ ಕನ್ನಡ ಪುಸ್ತಕಗಳ ಲೆಕ್ಕ ಬೇರೆ ವಹಿಯಲ್ಲಿರಲಿ. ವರ್ಷದ ಸಭೆಯಲ್ಲಿ ಅದನ್ನು ಮುಂದಿಟ್ಟು, ಮುಂದಿನ ವರ್ಷದ ಪುಸ್ತಕ ಖರೀದಿಯಲ್ಲಿ ಕನ್ನಡಕ್ಕೂ ಪಾಲು ಕೇಳಿ. 1972ರಲ್ಲಿ ಸ್ಥಾಪನೆಯಾದ, ಗ್ರಂಥಾಲಯಗಳಿಗೆ ಪುಸ್ತಕ ನೆರವು ಕೊಡುವ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಯೋಜನೆಗಳ ಬಗ್ಗೆ ಕೊಲ್ಹಾಪುರದ ಜಿಲ್ಲಾ ಗ್ರಂಥಾಲಯ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸುವಾಗಲೂ ಅದೇ ವಹಿ ಕೈಯಲ್ಲಿರಲಿ.