ಗುಲಾಬಿ ತೋಟಗಳಿಗೆ ಸೊಪ್ಪು ತಿನ್ನುವ ಕಾಡುಪ್ರಾಣಿಗಳಿಂದಾಗುವ ಹಾನಿಯೂ ಅದರ ನಿವಾರಣೋಪಾಯಗಳೂ

ಗುಲಾಬಿಯು ಒಮ್ಮೆ ನೆಟ್ಟರೆ ಅನೇಕ ವರ್ಷಗಳವರೆಗೆ ಹೂವು ಕೊಡತಕ್ಕ ಬೆಳೆ. ಕೆಲವು ಗುಂಟೆಗಳ ತೋಟವುಳ್ಳ ಸಣ್ಣ ಹಿಡುವಳಿದಾರನಿಗೆ ಇದರಿಂದ ಸಂತೆಯ ಖರ್ಚಿಗೆ ಬೇಕಾದ ಹಣವು ಕೈಸೇರುವುದು. ಆದರೆ ಕಾಡಿನ ಅಂಚಿನಲ್ಲಿಯೂ ಕುರುಚಲು ಗುಡ್ಡಗಳ ಮಗ್ಗುಲಲ್ಲಿಯೂ ಇರುವ ಊರುಗಳಲ್ಲಿ ಚುಕ್ಕೆಜಿಂಕೆ, ಮೊಲ, ಮುಸುವ, ಕೋತಿ ಇವು ಈ ಬೆಳೆಗೆ ವಿಶೇಷವಾದ ಉಪದ್ರವವನ್ನುಂಟುಮಾಡುವುವು. ಸ್ವಲ್ಪ ವಿಚಾರದಿಂದಲೂ ಮಿತವಾದ ವೆಚ್ಚದಿಂದಲೂ ಈ ಹಾನಿಯ ಬಹುಭಾಗವನ್ನು ತಪ್ಪಿಸಬಹುದು.

1. ಹಾನಿಯ ಸ್ವರೂಪ

ಗುಲಾಬಿಯ ಹೂವು ಹೊಸದಾಗಿ ಹೊರಟ ಚಿಗುರಿನ ತುದಿಯಲ್ಲಿ ಬಿಡುವುದು. ಮಳೆಗಾಲ ಕಳೆದ ಮೇಲೆ ಗಿಡವನ್ನು ಸವರಿದರೆ ಹೂವು ಅರಳುವುದಕ್ಕೆ ಸುಮಾರು 6 ರಿಂದ 7 ವಾರಗಳು ಹಿಡಿಯುವುವು. ಈ ಅವಧಿಯಲ್ಲಿ ಒಂದು ರಾತ್ರಿ ಜಿಂಕೆಯು ಸುಳಿಗಳನ್ನು ತಿಂದುಹೋದರೆ, ಹೋದದ್ದು ಬರಿಯ ಸೊಪ್ಪಲ್ಲ. ಆ ಸರದಿಯ ಹೂವೆಲ್ಲವೂ ಹೋದಂತೆಯೇ. ಗಿಡವು ಮತ್ತೆ ಚಿಗುರಬೇಕು, ಬೆಳೆಗಾರನು ಮತ್ತೆ ಅಷ್ಟೇ ದಿನ ಕಾಯಬೇಕು. ಹೀಗೆ ಮೇಲಿಂದ ಮೇಲೆ ಆದರೆ ಗಿಡದ ಸತ್ವವು ಕುಗ್ಗಿ, ಎಳೆಯ ಗಿಡಗಳು ಸತ್ತುಹೋಗುವುದೂ ಉಂಟು.

ಮುಳ್ಳಿರುವ ಗಿಡವನ್ನು ಪ್ರಾಣಿಗಳು ಮುಟ್ಟವೆಂದು ಅನೇಕರು ನಂಬಿರುವರು. ಇದು ಸರಿಯಲ್ಲ. ಬಲಿತ ಕಡ್ಡಿಯ ಮುಳ್ಳು ಗಡುಸಾಗಿದ್ದರೂ ಚಿಗುರಿನ ಮುಳ್ಳು ಮೆತ್ತಗಿರುವುದು. ಬೇಸಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿರುವಾಗ ನೀರು ಹಾಯಿಸಿದ ತೋಟವೊಂದೇ ಹಸುರಾಗಿರುವುದರಿಂದ ಪ್ರಾಣಿಗಳು ಜನವಸತಿಗೂ ಅಂಜದೆ ಒಳನುಗ್ಗುವುವು.

2. ತಿಂದ ಪ್ರಾಣಿಯನ್ನು ಗುರುತಿಸುವ ಕ್ರಮ

ಯಾವ ಪ್ರಾಣಿಯು ತಿಂದಿತೆಂದು ತಿಳಿಯದೆ ಹಣ ಖರ್ಚುಮಾಡುವುದು ವ್ಯರ್ಥ. ಬೆಳಿಗ್ಗೆ ನೀರು ಬಿಡುವುದಕ್ಕೆ ಮೊದಲೇ ಗಿಡವನ್ನೂ ಪಾತಿಯ ಮಣ್ಣನ್ನೂ ನೋಡತಕ್ಕದ್ದು.

(ಅ) ಚುಕ್ಕೆಜಿಂಕೆ: ಇದಕ್ಕೆ ಮೇಲ್ದವಡೆಯಲ್ಲಿ ಬಾಚಿಹಲ್ಲುಗಳಿಲ್ಲ. ಆದಕಾರಣ ಇದು ಚಿಗುರನ್ನು ಕತ್ತರಿಸದೆ ಎಳೆದು ಹರಿಯುವುದು. ಕಡ್ಡಿಯ ತುದಿಯು ಸೀಳಿ ನಾರುನಾರಾಗಿ ಕಾಣುವುದು. ನೆಲದಲ್ಲಿ ಸೀಳುಗೊರಸಿನ ಗುರುತಿರುವುದು. ಆಡಿನ ಗುರುತೂ ಹೆಚ್ಚುಕಡಿಮೆ ಇದೇ ರೀತಿಯದು. ಜಿಂಕೆಯನ್ನು ದೂರುವುದಕ್ಕೆ ಮುಂಚೆ ಊರಿನ ಆಡುಗಳು ನುಗ್ಗಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಲೇಸು.

(ಆ) ಮೊಲ: ಮೇಲೂ ಕೆಳಗೂ ಹರಿತವಾದ ಬಾಚಿಹಲ್ಲುಗಳಿರುವುದರಿಂದ ಕಡ್ಡಿಯು ಚಾಕುವಿನಿಂದ ಓರೆಯಾಗಿ ಕೊಯ್ದಂತಿರುವುದು. ಹಾನಿಯು ಸಾಮಾನ್ಯವಾಗಿ ನೆಲದಿಂದ 2 ಅಡಿಯೊಳಗೇ ಇರುವುದು. ಹತ್ತಿರದಲ್ಲಿ ದುಂಡನೆಯ ಹಿಕ್ಕೆಗಳು ಬಿದ್ದಿರುವುವು.

(ಇ) ಮುಸುವ ಮತ್ತು ಕೋತಿ: ಇವು ಹಗಲಿನಲ್ಲಿ ಬರುವುವು. ರೆಂಬೆಗಳು ಮುರಿದು, ಮೊಗ್ಗು ಎಸಳುಗಳು ಚೆಲ್ಲಾಡಿರುವುವು. ಮುಸುವದ ಹೊಟ್ಟೆಯು ಹಲವು ಕೋಣೆಗಳುಳ್ಳದ್ದಾಗಿ ಸೊಪ್ಪನ್ನು ಹುಳಿಸಿ ಅರಗಿಸಿಕೊಳ್ಳಬಲ್ಲದಾದ್ದರಿಂದ ಅದಕ್ಕೆ ಎಲೆಯೇ ಮುಖ್ಯ ಆಹಾರ. ಕೋತಿಯು ಹಣ್ಣು, ಹೂವು, ಚಿಗುರು ಎಲ್ಲವನ್ನೂ ತಿನ್ನುವುದು.

(ಈ) ಎಲೆಯ ಅಂಚಿನಲ್ಲಿ ಬಿಲ್ಲೆಯಂತೆ ದುಂಡಗೆ ಕತ್ತರಿಸಿದ್ದರೆ ಅದು ಗೂಡಿಗಾಗಿ ಎಲೆಯೊಯ್ಯುವ ಒಂದು ಜಾತಿಯ ಜೇನ್ನೊಣದ ಕೆಲಸ. ಎಲೆಯ ನಡುವೆ ತೂತುಗಳಿದ್ದರೆ ರಾತ್ರಿ ಬರುವ ದುಂಬಿಗಳನ್ನು ಹುಡುಕಬೇಕು. ಇವುಗಳಿಗೆ ಬೇಲಿಯಿಂದ ಪ್ರಯೋಜನವಿಲ್ಲ.

3. ಬೇಲಿ

ಶಾಶ್ವತವಾದ ಉಪಾಯವು ಬೇಲಿಯೊಂದೇ. ಮೊಲಕ್ಕೆ 1 ಅಂಗುಲ ಕಣ್ಣಿನ ತಂತಿಬಲೆಯು 3 ಅಡಿ ಎತ್ತರವಿದ್ದರೆ ಸಾಕು. ಆದರೆ ಅದರ ಬುಡವನ್ನು ಅರ್ಧ ಅಡಿ ನೆಲದಲ್ಲಿ ಹೂಳಿ ಹೊರಮಗ್ಗುಲಿಗೆ ಬಾಗಿಸಬೇಕು. ಇಲ್ಲದಿದ್ದರೆ ಮೊಲವು ಅಡಿಯಲ್ಲಿ ತೋಡಿಕೊಂಡು ನುಸುಳುವುದು. ಜಿಂಕೆಗೆ 7 ರಿಂದ 8 ಅಡಿ ಎತ್ತರ ಬೇಕು. ಅಷ್ಟು ತಂತಿಗೆ ಅನುಕೂಲವಿಲ್ಲದವರು ಸಣ್ಣ ಪಾತಿಗಳ ಸುತ್ತ ಬಿದಿರಿನ ತಟ್ಟಿ ಅಥವಾ ಗರಿಯ ತಡಿಕೆಯನ್ನು ಒತ್ತಾಗಿ ಕಟ್ಟಬಹುದು. ಆಚೆ ಕಡೆಯ ನೆಲವು ಕಾಣದಿದ್ದರೆ ಜಿಂಕೆಯು ಹಾರುವುದಕ್ಕೆ ಹಿಂಜರಿಯುವುದು. ಕತ್ತಾಳೆ, ಗಜ್ಜುಗ ಮುಂತಾದ ಜೀವಂತ ಬೇಲಿಗಳು ಅಗ್ಗವಾದರೂ ದಟ್ಟವಾಗುವುದಕ್ಕೆ ಕೆಲವು ವರ್ಷಗಳು ಬೇಕು. ಸೀಮೆಜಾಲಿಯು ಹೊಲಕ್ಕೆ ಹಬ್ಬುವುದರಿಂದ ಅದನ್ನು ಹಾಕಕೂಡದು.

ಬೇಲಿಯ ವೆಚ್ಚವು ತೋಟದ ಆಕಾರವನ್ನು ಅನುಸರಿಸಿರುವುದು. 33 ಅಡಿ ಚೌಕದ ಒಂದು ಗುಂಟೆಗೆ 132 ಅಡಿ ಬೇಲಿ ಬೇಕು. ನಾಲ್ವರು ತಮ್ಮ ತಮ್ಮ ಗುಂಟೆಗೆ ಬೇರೆ ಬೇರೆ ಬೇಲಿ ಹಾಕಿದರೆ ಒಟ್ಟು 528 ಅಡಿಯಾಗುವುದು. ಅದೇ ನಾಲ್ಕು ಗುಂಟೆಯು 66 ಅಡಿಯ ಒಂದೇ ಚೌಕವಾಗಿದ್ದರೆ 264 ಅಡಿಯೇ ಸಾಕು. ನೆರೆಹೊರೆಯವರು ಕೂಡಿ ಹಾಕಿದರೆ ವೆಚ್ಚವು ಅರ್ಧಕ್ಕೆ ಇಳಿಯುವುದು.

4. ವಾಸನೆಯ ದ್ರಾವಣ

ಒಡೆದ ಕೋಳಿಮೊಟ್ಟೆ 1 ಪಾಲು, ನೀರು 4 ಪಾಲು ಸೇರಿಸಿ ಚೆನ್ನಾಗಿ ಕದಡಿ, ಬಟ್ಟೆಯಲ್ಲಿ ಸೋಸಿ ಚಿಗುರಿನ ಮೇಲೆ ಸಿಂಪಡಿಸಿದರೆ ಅದರ ವಾಸನೆಗೆ ಜಿಂಕೆಗಳು ಬಹುಮಟ್ಟಿಗೆ ದೂರವಿರುವುವು. ತಿಂಗಳಿಗೊಮ್ಮೆಯೂ, ಜೋರು ಮಳೆ ಬಂದ ಮೇಲೆಯೂ, ಹೊಸ ಚಿಗುರು ಹೊರಟಾಗಲೂ ಮತ್ತೆ ಸಿಂಪಡಿಸಬೇಕು. ಹೂವು ದೇವರ ಪೂಜೆಗೂ ಮುಡಿಯುವುದಕ್ಕೂ ಹೋಗತಕ್ಕದ್ದಾದ್ದರಿಂದ ಮೊಗ್ಗು ಕಾಣಿಸಿದ ಮೇಲೆ ಇದನ್ನು ನಿಲ್ಲಿಸತಕ್ಕದ್ದು. ಹಸಿವು ಹೆಚ್ಚಾದ ಕಾಲದಲ್ಲಿ ಇದೊಂದನ್ನೇ ನಂಬಿರಲಾಗದು. ಹಳೆಯ ಸೀರೆಗಳನ್ನು ಸುತ್ತ ಕಟ್ಟುವುದು, ಡಬ್ಬ ಬಡಿಯುವುದು ಇವುಗಳಿಗೆ ಪ್ರಾಣಿಗಳು ಬೇಗನೆ ಒಗ್ಗಿಕೊಳ್ಳುವುವು. ಸ್ಥಳವನ್ನೂ ರೀತಿಯನ್ನೂ ಆಗಾಗ ಬದಲಾಯಿಸಿದರೆ ಮಾತ್ರ ಸ್ವಲ್ಪ ಫಲವುಂಟು.

5. ಕೋತಿ ಮುಸುವಗಳ ವಿಷಯ

ಇವು ಬೇಲಿ ಹತ್ತಬಲ್ಲವು, ಮೇಲಿನಿಂದ ಹಾರಬಲ್ಲವು. ತೋಟದ ಮೇಲೆ ಚಾಚಿರುವ ಮರದ ಕೊಂಬೆಗಳನ್ನು ಸವರುವುದು ಮೊದಲ ಕೆಲಸ. ಸವರಿದ ದಿನದಿಂದ ಹೂವು ಕೊಯ್ಯುವವರೆಗೆ ಬೆಲೆಬಾಳುವ ಗಿಡಗಳನ್ನು ಮೇಲೂ ಮುಚ್ಚಿದ ತಂತಿಯ ಪಂಜರದೊಳಗೆ ಇಡಬಹುದು. ಮುಖ್ಯವಾಗಿ, ದೇವಸ್ಥಾನದ ಬಳಿಯಲ್ಲಿಯೂ ರಸ್ತೆಯಲ್ಲಿಯೂ ಅವುಗಳಿಗೆ ತಿಂಡಿ ಹಾಕುವುದನ್ನು ನಿಲ್ಲಿಸಿ, ಎಂಜಲನ್ನು ಬಯಲಿಗೆ ಎಸೆಯದಿರಬೇಕು. ಕೈತುತ್ತು ತಿಂದ ಹಿಂಡು ಊರನ್ನು ಬಿಟ್ಟುಹೋಗದು.

6. ಮಾಡಕೂಡದ ಕೆಲಸಗಳು

1972 ನೆಯ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ಜಿಂಕೆ, ಮುಸುವ, ಕೋತಿ ಇವುಗಳನ್ನು ಕೊಲ್ಲುವುದೂ ಅಪ್ಪಣೆಯಿಲ್ಲದೆ ಹಿಡಿಯುವುದೂ ಅಪರಾಧ. ಉರುಲಿಗೆ ದನಕರುಗಳೂ ಚಿರತೆಯೂ ಸಿಕ್ಕಿಬೀಳುವುವು. ವಿಷವು ಕಾವಲುನಾಯಿಯನ್ನೂ ಕೊಲ್ಲುವುದು. ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಯಬಿಡುವುದು ಎಲ್ಲಕ್ಕಿಂತ ಘೋರವಾದದ್ದು. ನಸುಕಿನಲ್ಲಿ ಹೊಲಕ್ಕೆ ಬರುವ ಮನೆಯವರೇ ಅದಕ್ಕೆ ಬಲಿಯಾಗಬಹುದು. ಹಿಡಿದ ಕೋತಿಗಳನ್ನು ಮತ್ತೊಂದು ಊರಿನ ಬಳಿ ಬಿಟ್ಟುಬರುವುದರಿಂದ ಉಪದ್ರವವು ಸ್ಥಳ ಬದಲಾಯಿಸುವುದೇ ಹೊರತು ತೀರುವುದಿಲ್ಲ.

7. ಊರೊಟ್ಟಿನ ಕೆಲಸ

ಒಂದು ತೋಟಕ್ಕೆ ಬೇಲಿಯಾದರೆ ಹಿಂಡು ಪಕ್ಕದ ತೋಟಕ್ಕೆ ಹೊರಳುವುದು. ಆದ್ದರಿಂದ ಊರಿನ ಮುಖ್ಯಸ್ಥರು ಗುಲಾಬಿ ಬೆಳೆಗಾರರನ್ನು ಒಂದೆಡೆ ಕೂಡಿಸಿ, ಸವರುವ ಕಾಲಕ್ಕೆ ಮುಂಚೆಯೇ ಬೇಲಿಯ ಎಲ್ಲೆ, ವೆಚ್ಚದ ಪಾಲು, ಸರದಿಯ ಕಾವಲು, ಕಸ ಹಾಕುವ ಸ್ಥಳ ಇವನ್ನು ಗೊತ್ತುಮಾಡತಕ್ಕದ್ದು. ಹಾನಿಯು ಕೈಮೀರಿದರೆ ಗ್ರಾಮ ಪಂಚಾಯಿತಿಯ ಮೂಲಕ ಅರಣ್ಯ ಇಲಾಖೆಗೆ ಬರೆದುಕೊಳ್ಳಬೇಕು. ಚಿಗುರು ಹೋದ ಮೇಲೆ ಕಾವಲು ಕಾಯ್ದು ಫಲವಿಲ್ಲ. ಗಿಡ ಸವರುವ ಕತ್ತರಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಬೇಲಿಯ ಕಂಡಿಗಳನ್ನು ಮುಚ್ಚಿರಬೇಕು.